ಹೊಕ್ಕುಬಳಕೆ

ಪದಕೋಶದ ಸಮಿತಿಯಿಂದ ಕಾಗದ ಬಂದು ಎರಡು ತಿಂಗಳಾಯಿತು.
ನನ್ನ ಪಾಲಿಗೆ ಹನ್ನೊಂದು ಪದ, ಒಂದೊಂದಕ್ಕೂ ಎರಡು ಖಾನೆ:
ಅರ್ಥ. ಬಳಕೆ.
ಹತ್ತು ಮುಗಿಸಿ ಕೂತಿದ್ದೇನೆ.
ಹನ್ನೊಂದನೆಯದು ಎಂಪೆರಿಪೊಲೀಸಿಸ್.
ಓದಿದ್ದು ಒಮ್ಮೆ, ಪರೀಕ್ಷೆಗೆ.
ಕಂಡಿದ್ದು ಬೀದರಿನ ಈ ಲ್ಯಾಬಿನಲ್ಲಿ
ಇಪ್ಪತ್ತೆರಡು ವರ್ಷಕ್ಕೆ ಮೂರು ಸಲ.

ನಾಲ್ಕನೆಯದು ಇವತ್ತು,
ಔರಾದಿನ ಹುಡುಗನ ಕೊರಳ ಗಂಟಿನಲ್ಲಿ.

ದೊಡ್ಡದೊಂದು ಕೋಶ, ತೆಳು ಗುಲಾಬಿ,
ಒಗೆದೊಗೆದು ಬಣ್ಣ ಬಿಟ್ಟ ದುಪ್ಪಟ್ಟಿಯ ಹಾಗೆ ಹರಡಿಕೊಂಡಿದೆ.
ಅದರ ಹೊಟ್ಟೆಯಲ್ಲಿ –
ಹೊಟ್ಟೆ ಎನ್ನಬಾರದು, ಅಲ್ಲೇ ತಪ್ಪುವುದು –
ಅದರ ಒಳಗೆ ಏಳು ಪುಟ್ಟ ಕೋಶ, ಕಡುನೇರಳೆ,
ಒಂದೊಂದರ ಸುತ್ತಲೂ ಸಣ್ಣ ಬಿಳಿ ಅಂಗಳ.
ಯಾವುದೂ ಕರಗಿಲ್ಲ. ಯಾವುದರ ಅಂಚೂ ಹರಿದಿಲ್ಲ.
ತಿಂದದ್ದಾದರೆ ಚೂರಾಗಿರಬೇಕಿತ್ತು, ಮಸಿಯಾಗಿರಬೇಕಿತ್ತು.
ಇವು ಬಂದಿವೆ, ಇವೆ, ಹೊರಡುತ್ತವೆ.
ಯಾಕೆ ಬಂದವು?
ಪುಸ್ತಕಕ್ಕೂ ಸರಿಯಾಗಿ ಗೊತ್ತಿಲ್ಲ.

ಕಿಂಡಿಯಾಚೆ ಹುಡುಗನ ಅಪ್ಪ, ದಿಗಂಬರ ಜಾಧವ,
ಉಗುರಲ್ಲಿ ಪಂಕ್ಚರ್ ಅಂಗಡಿಯ ಕಪ್ಪು.
"ಡಾಕ್ಟರ್ ಬಾಯಿ, ಕ್ಯಾನ್ಸರ್ ಅದ ಏನ್ರಿ?"
ಇಲ್ಲ.
"ಟೀಬಿ?"
ಅದೂ ಅಲ್ಲ.
"ಮತ್ತ ಏನ್ ಅದ, ಹೆಸರ್ ಹೇಳ್ರಿ." ಹೇಳಿದೆ.
ಅವನ ಕೈ ತಾನಾಗಿ ಎದೆಯ ಜೇಬಿಗೆ ಹೋಯಿತು.
"ಪೊಲೀಸಾ? ನನ್ ಮಗನ್ ಕೊರಳಾಗ ಪೊಲೀಸ್ ಯಾಕ್ ಹೊಕ್ಕಾರ್ರಿ?"

ನಗಬಾರದಿತ್ತು. ನಕ್ಕೆ.
ಅವನೂ ನಕ್ಕ, ತಡವಾಗಿ.
ಆಮೇಲೆ ಹೊಳೆಯಿತು, ಅವನದು ಪೂರ್ತಿ ತಪ್ಪಲ್ಲ:
ಹೊಕ್ಕವು ಕಾವಲು ಕೋಶಗಳೇ, ಮೈಯ ಬೀಟು ತಿರುಗುವವು.
ಬೀಟಿಗೆಂದು ಬಂದು ಯಾರದೋ ಮನೆಯೊಳಗೆ ಕೂತುಬಿಟ್ಟಿವೆ,
ಟೋಪಿ ಕೂಡ ತೆಗೆಯದೆ.

ಒಳಗೆ, ಸುತ್ತ, ಅಲೆ: ಮೂರು ಗ್ರೀಕ್ ತುಂಡು.
ಅಂತಃಪರಿಭ್ರಮಣ ಎಂದು ಬರೆದೆ.
ಹೋಮದ ಹೊಗೆ ಕಣ್ಣಿಗೆ ಬಂದ ಹಾಗಾಯಿತು, ಹೊಡೆದು ಹಾಕಿದೆ.
ಒಳಸುತ್ತು: ಯಾವುದೋ ಹೊಟ್ಟೆನೋವು.
ಒಳಅಲೆತ: ಎರಡು ಸ್ವರ ಬಾಗಿಲಲ್ಲೇ ಡಿಕ್ಕಿ.

ಸ್ಲೈಡಿನ ತಟ್ಟೆ ಒಯ್ಯಲು ತೇಜಮ್ಮ ಬಂದಳು. ನೋಡು ಎಂದೆ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.
"ನುಂಗ್ಯದೇನ್ರಿ?"
ಇಲ್ಲ, ಹೋಗಿ ಬರ್ತಾವ.
"ಹಂಗಾರ ಅವಕ್ಕ ಹೊಕ್ಕುಬಳಕಿ ಅದ ಅನ್ರಿ."

ನೌಬಾದಿನಲ್ಲಿ ಅವಳ ತವರಿಗೂ ಜಮೀಲಾಬಿಯ ಮನೆಗೂ ಒಂದೇ ಗೋಡೆ,
ಗೋಡೆಯಲ್ಲಿ ಬಗ್ಗಿ ನಡೆಯುವಷ್ಟು ಬಾಗಿಲು.
ಅವರ ಕೆಂಡ ಇವರ ಒಲೆಗೆ,
ಇವರ ಕೂಸು ಅವರ ತೊಟ್ಟಿಲಿಗೆ.
"ದಿನಾ ಅಲ್ಲೇ ಬಿದ್ದಿರ್ತಿದ್ದೆ. ಸಂಜಿಗಿ ನಾ ನಾನೇ ಆಗಿ ಬರ್ತಿದ್ದೆ,
ಬಾಯಾಗಷ್ಟೇ ಅವರ ಯಾಲಕ್ಕಿ ವಾಸನಿ."
ಆ ಬಾಗಿಲು?
"ಮುಚ್ಯಾರ್ರಿ. ಪಾಲು ಆದಾಗ ಅಣ್ಣ ಇಟ್ಟಂಗಿ ಇಟ್ಟ.
ಆ ಕಡಿಂದ ಸಿಮೆಂಟ್ ಕಲಸಿ ಕೊಟ್ಟೋರೂ ಅವರೇ."
ತಟ್ಟೆ ಎತ್ತಿಕೊಂಡು ಹೋದಳು,
ಗಾಜಿಗೆ ಗಾಜು ತಾಗುವ ಸದ್ದು ಮೊಗಸಾಲೆಯುದ್ದಕ್ಕೂ.

ಉದಾಹರಣೆಗೆ ಅವಳೂರಿನ ಸುರಂಗಬಾವಿಯ ನೀರು ಬರೆಯಲೇ,
ಕೆಂಪು ಕಲ್ಲು ಹೊಕ್ಕು ನೀರಾಗಿಯೇ ಹೊರಬರುವುದು?
ಬೇಡ. ನೀರು ಕಲ್ಲನ್ನು ತೇಯುತ್ತದೆ,
ಸದ್ದಿಲ್ಲದೆ, ಶತಮಾನಗಟ್ಟಲೆ.

ಅರ್ಥದ ಖಾನೆಯಲ್ಲಿ ಬರೆದೆ:
ಒಂದು ಜೀವಕೋಶ ಇನ್ನೊಂದರ ಒಳಹೊಕ್ಕು
ಅಳಿಯದೆ ಅಲೆದು ಹೊರಬರಬಲ್ಲದ್ದು.
ಎರಡನೆಯ ಖಾನೆಗೆ ಬಳಕೆ ಎಂದು ಆಗಲೇ ಅಚ್ಚಾಗಿತ್ತು.
ಅದರ ಎಡಕ್ಕೆ, ಪೆನ್ನಿನಲ್ಲಿ, ಹೊಕ್ಕು ಎಂದು ಸೇರಿಸಿದೆ.
ಸಮಿತಿ ಒಪ್ಪಲಿಕ್ಕಿಲ್ಲ.

ಗಂಟಿನ ಇನ್ನೊಂದು ಚೂರು ನಾಳೆಯ ಬಸ್ಸಿಗೆ ಹೈದರಾಬಾದಿಗೆ,
ಮತ್ತೊಂದು ಬಣ್ಣ ಹಚ್ಚಿ ನೋಡಲು.
"ಗಂಟು ತಾನೇ ಇಳೀತದೇನ್ರಿ?" ಎಂದ ದಿಗಂಬರ.
ಬಹಳ ಸಲ ಇಳಿಯುತ್ತದೆ, ಎಂದೆ. ಎಲ್ಲ ಸಲ ಎನ್ನಲಿಲ್ಲ.
ಅವನು ಮಗನ ಗದ್ದ ಎತ್ತಿ, ಟ್ಯೂಬ್‌ಲೈಟಿಗೆ ತಿರುಗಿಸಿ,
ಹೆಬ್ಬೆರಳಿನಿಂದ ಕೊರಳನ್ನು ಮೆಲ್ಲಗೆ ತಡವಿದ,
ಟ್ಯೂಬಿನ ತೂತು ಹುಡುಕುವ ಹಾಗೆ.